ಎದ್ದು ಹೋದವರ ಆಟ

“ಗುರುಗಳೇ, ಎಲ್ಲರೆದುರು ತಪ್ಪಿದವನು ಮತ್ತೆ ಅದೇ ಸಭೆಗೆ ಯಾವ ಮುಖ ಇಟ್ಟುಕೊಂಡು ಹೋಗಬೇಕು?”

ಕೇಳಿದವನು ಕೊಟ್ಟೂರಯ್ಯ. ಮಠದ ಶಿಷ್ಯರಲ್ಲಿ ಓದಿನಲ್ಲಿ ಎಲ್ಲರಿಗಿಂತ ಮುಂದಿದ್ದವನು. ಹಿಂದಿನ ದಿನ ವಾದಸಭೆಯಲ್ಲಿ ಅವನು ಒಂದು ಮಾತನ್ನು ತಪ್ಪಾಗಿ ಹೇಳಿದ್ದ. ತಪ್ಪೇನೂ ದೊಡ್ಡದಲ್ಲ. ಆದರೆ ಅದನ್ನೇ ಮನಸ್ಸಿನಲ್ಲಿ ಮೆಲುಕು ಹಾಕುತ್ತ ಮುಂದಿನ ಮೂರು ಪ್ರಶ್ನೆಗಳಿಗೆ ಬಾಯಿ ಬಿಡದೆ ಕೂತಿದ್ದ. ವಾದ ಅರ್ಧಕ್ಕೆ ನಿಂತಿತ್ತು. ಇಂದು ಅವನೇ ಅದನ್ನು ಮುಂದುವರಿಸಬೇಕಿತ್ತು. ಅವನು ಬೆಳಿಗ್ಗೆಯೇ ಬಟ್ಟೆಯ ಗಂಟು ಕಟ್ಟಿಕೊಂಡು ಬಂದಿದ್ದ. ಓದು ಸಾಕು, ಊರಿಗೆ ಹೋಗಲು ಅಪ್ಪಣೆ ಕೊಡಿ ಎಂದು ಗುರುಗಳ ಕಾಲು ಹಿಡಿದ.

ಗುರುಗಳು ಗಂಟನ್ನು ನೋಡಿದರು. “ಗಂಟು ಚೆನ್ನಾಗಿ ಕಟ್ಟಿದ್ದೀಯಪ್ಪ. ಪಕ್ಕಕ್ಕಿಟ್ಟು ಕೂತುಕೋ. ಅಪ್ಪಣೆ ಆಮೇಲೆ, ಮೊದಲು ಕತೆ” ಎಂದರು.

ಗುರುಗಳು ಹೇಳಿದ ಕತೆ ಇದು.

ಒಬ್ಬ ದೊರೆ ಇದ್ದ. ಅವನಿಗೆ ಚದುರಂಗದ ಹುಚ್ಚು ಬಹಳ, ತಾಳ್ಮೆ ಕಡಿಮೆ. ದೊಡ್ಡ ದೊಡ್ಡ ಆಟಗಾರರು ಒಂದು ಕಾಯಿ ನಡೆಸುವುದಕ್ಕೆ ಅರ್ಧ ದಿನ ಗಡ್ಡ ನೀವಿಕೊಳ್ಳುತ್ತಿದ್ದರು. ದೊರೆ ನೋಡುತ್ತ ನೋಡುತ್ತ ತೂಕಡಿಸುತ್ತಿದ್ದ. ಒಮ್ಮೆ ಸಿಂಹಾಸನದಿಂದ ಜಾರಿ ಬೀಳುವುದರಲ್ಲಿದ್ದ. ಅಂದೇ ಅವನು ಒಂದು ಕಟ್ಟಳೆ ಮಾಡಿದ. ಚದುರಂಗದ ಹಾಸಿನ ಪಕ್ಕದಲ್ಲಿ ಎರಡು ತಾಮ್ರದ ತಂಬಿಗೆಗಳನ್ನು ತೂಗುಹಾಕಿಸಿದ, ಆಟಗಾರನಿಗೊಂದು. ಎರಡರಲ್ಲೂ ಒಂದೇ ಅಳತೆಯ ನೀರು, ಎರಡರ ತಳದಲ್ಲೂ ಒಂದೇ ಅಳತೆಯ ತೂತು. ಎರಡಕ್ಕೂ ಸೇರಿ ಬಿರಡೆ ಮಾತ್ರ ಒಂದೇ. ಕಾಯಿ ನಡೆಸಿದವನು ಎದುರಾಳಿಯ ತಂಬಿಗೆಯ ಬಿರಡೆಯನ್ನು ಕಿತ್ತು ತನ್ನ ತಂಬಿಗೆಗೆ ಹಾಕಿಕೊಳ್ಳಬೇಕು. ಆಗ ಎದುರಾಳಿಯ ನೀರು ಸೋರತೊಡಗುತ್ತದೆ. ಯಾರ ತಂಬಿಗೆ ಮೊದಲು ಬರಿದಾಗುತ್ತದೋ ಅವನು ಸೋತ; ಹಾಸಿನ ಮೇಲೆ ಅವನೇ ಗೆಲ್ಲುತ್ತಿದ್ದರೂ ಸೋತ. ಕಾಯಿ ನಡೆಸಿದ ಕೈಯಲ್ಲೇ ಬಿರಡೆಯನ್ನೂ ಮುಟ್ಟಬೇಕು. ಎರಡೂ ಕೈ ಬಳಸಲು ಬಿಟ್ಟರೆ ಆಟ ಹೋಗಿ ಕಿತ್ತಾಟವಾಗುತ್ತದೆಂದು ದೊರೆಗೆ ಗೊತ್ತಿತ್ತು.

ಈ ತಂಬಿಗೆಯ ಆಟ ದೇಶಕ್ಕೆಲ್ಲ ಹೆಸರಾಯಿತು. ವರ್ಷಕ್ಕೊಮ್ಮೆ ಅರಮನೆಯಲ್ಲಿ ಪಂದ್ಯ. ಬೇರೆ ಬೇರೆ ರಾಜ್ಯಗಳ ಪಂಡಿತರು, ಸರದಾರರು, ಹತ್ತು ಜನರ ಜೊತೆ ಒಟ್ಟಿಗೇ ಆಡಬಲ್ಲವರು, ಎಲ್ಲರೂ ಬರುತ್ತಿದ್ದರು. ಗೆದ್ದವರಿಗೆ ಚಿನ್ನವಿಲ್ಲ, ಶಾಲಿಲ್ಲ. ದೊರೆ ಸಿಂಹಾಸನದಿಂದ ಇಳಿದು ಬಂದು ಗೆದ್ದವರೆದುರು ಅದೇ ಚಾಪೆಯ ಮೇಲೆ ಕೂತು ಅವರ ಒಂದು ಮಾತನ್ನು ಕೇಳಬೇಕು. ಕೇಳಿ ಅಲ್ಲೇ ತೀರ್ಪು ಕೊಡಬೇಕು. ಹನ್ನೆರಡು ವರ್ಷ ಆಸ್ಥಾನದ ಒಬ್ಬ ಆಟಗಾರನೇ ಗೆದ್ದ. ಅವನ ಕೈ ಎಷ್ಟು ಚುರುಕೆಂದರೆ, ಆಟ ಮುಗಿದಾಗ ಅವನ ತಂಬಿಗೆ ಇನ್ನೂ ಅರ್ಧ ತುಂಬಿರುತ್ತಿತ್ತು. ಹನ್ನೆರಡು ವರ್ಷವೂ ದೊರೆ ಎದುರು ಕೂತು ಕೇಳಿದರೆ ಅವನು ಹೇಳುತ್ತಿದ್ದದ್ದು ಒಂದೇ ಮಾತು: “ಎಲ್ಲ ತಮ್ಮ ದಯೆ, ಮಹಾಸ್ವಾಮಿ.” ಸ್ವಂತಕ್ಕೆ ಕೇಳುವುದೇನೂ ಇಲ್ಲದವನ ಮಾತು ಅಷ್ಟೇ ಇರುತ್ತದೆ.

ಅದೇ ರಾಜ್ಯದ ಹಳೆಯ ದಾರಿಯಲ್ಲಿ ಒಂದು ಛತ್ರವಿತ್ತು. ಅದನ್ನು ನಡೆಸುತ್ತಿದ್ದವಳು ಒಬ್ಬ ಹೆಂಗಸು. ಅಡುಗೆಯೂ ಅವಳದೇ, ನೀರು ಸೇದುವುದೂ ಅವಳದೇ. ದಿನಕ್ಕೆ ನಲವತ್ತು ಎಲೆ ಬೀಳುತ್ತಿತ್ತು. ಊಟ ಮುಗಿಸಿದ ಪ್ರಯಾಣಿಕರು, ಗಾಡಿ ಕಟ್ಟುವ ತನಕ ಹೊತ್ತು ಹೋಗಬೇಕಲ್ಲ, ಜಗಲಿಯ ಮೇಲೆ ಚದುರಂಗ ಹಾಸಿ ಕೂರುತ್ತಿದ್ದರು. ಆಟ ಅರ್ಧವಾಗುವಷ್ಟರಲ್ಲಿ ಗಾಡಿಯವನು ಕೂಗು ಹಾಕುತ್ತಿದ್ದ. ಆ ಕೂಗು ಯಾವಾಗಲೂ ಸೋಲುತ್ತಿದ್ದವನ ಕಿವಿಗೇ ಮೊದಲು ಬೀಳುತ್ತಿತ್ತು. ಅವನು ಮೇಲುಹೊದಿಕೆ ಕೊಡವಿ ಎದ್ದು ಹೊರಟುಬಿಡುತ್ತಿದ್ದ. ಗೆಲ್ಲುತ್ತಿದ್ದವನಿಗೆ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲವೆಂಬ ಸಂಕಟ. “ಅಮ್ಮಾ, ನೀನಾದರೂ ಬಂದು ಅವನ ಜಾಗದಲ್ಲಿ ಕೂತುಕೊಳ್ಳಮ್ಮ” ಎನ್ನುತ್ತಿದ್ದ. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂರುತ್ತಿದ್ದಳು. ಬೇಗ ಬೇಗ ಆಡಲೇಬೇಕು. ಅವನ ಗಾಡಿಯೂ ಹೊರಡುತ್ತದೆ, ಇವಳ ಒಲೆಯ ಮೇಲೆ ಅನ್ನವೂ ಇದೆ.

ಹೀಗೆ ಇಪ್ಪತ್ತು ವರ್ಷ. ಇಪ್ಪತ್ತು ವರ್ಷದಲ್ಲಿ ಅವಳು ಒಂದು ಆಟವನ್ನೂ ಮೊದಲಿನಿಂದ ಆಡಿದವಳಲ್ಲ. ಯಾರೋ ಕೆಡಿಸಿ ಎದ್ದು ಹೋದ ಆಟವೇ ಅವಳ ಪಾಲಿಗೆ ಬರುತ್ತಿತ್ತು. ಆನೆ ಹೋದ ಆಟ, ಮಂತ್ರಿ ಹೋದ ಆಟ, ರಾಜ ಬಯಲಲ್ಲಿ ನಿಂತ ಆಟ. ಮೊದಮೊದಲು ಸೋತಳು. ಆಮೇಲಾಮೇಲೆ ಸೋಲುವುದು ಕಡಿಮೆಯಾಯಿತು. ಕೊನೆಗೆ ಎಂಥ ಗತಿಗೆಟ್ಟ ಆಟ ಕೊಟ್ಟರೂ, ಅನ್ನ ಬಸಿಯುವುದರೊಳಗೆ ಗೆದ್ದು ಒಳಗೆ ಹೋಗುತ್ತಿದ್ದಳು.

ಅಷ್ಟರಲ್ಲಿ ಬೆಟ್ಟದ ಆ ಕಡೆಯಿಂದ ಹೊಸ ದಾರಿಯಾಯಿತು. ಇನ್ನು ಹಳೆಯ ದಾರಿಯ ಛತ್ರ ಏಕೆ, ತಿಂಗಳ ಕೊನೆಗೆ ಬೀಗ ಹಾಕಿ ಎಂದು ಅಧಿಕಾರಿ ಅಪ್ಪಣೆ ಮಾಡಿದ. ಹೊಸ ದಾರಿ ಗಾಡಿಯಿದ್ದವರಿಗೆ. ಹಳೆಯ ದಾರಿಯಲ್ಲಿ ಇನ್ನೂ ಜನ ಕಾಲ್ನಡಿಗೆಯಲ್ಲಿ ಬರುತ್ತಿದ್ದರು. ಔಷಧಿಗೆ ಹೋಗುವವರು, ಬಾಣಂತನಕ್ಕೆ ತವರಿಗೆ ಹೋಗುವ ಹೆಣ್ಣುಮಕ್ಕಳು, ಹರಕೆ ಹೊತ್ತವರು. ಅವರಿಗೆ ದಾರಿಯ ನಡುವೆ ಆ ಛತ್ರ ಬಿಟ್ಟರೆ ಒಂದು ಗುಟುಕು ನೀರಿಗೂ ಗತಿಯಿರಲಿಲ್ಲ. ಇದನ್ನು ದೊರೆಗೆ ಹೇಳಬೇಕೆಂದು ಅವಳು ಮೂರು ಸಲ ಅರಮನೆಗೆ ಹೋದಳು. ಮೂರು ಸಲವೂ ಕಾವಲಿನವನು ಬಾಗಿಲಿನಿಂದಲೇ ಕಳಿಸಿದ. ನಾಲ್ಕನೆಯ ಸಲ ಪಂದ್ಯದ ದಿನ ಹೋದಳು. ಆ ದಿನ ಆಡುವವರಿಗೆ ಬಾಗಿಲು ತೆರೆದಿರುತ್ತಿತ್ತು.

“ಅಮ್ಮಾ, ಇದು ಅಡುಗೆಯ ಪಂದ್ಯವಲ್ಲ” ಎಂದ ಕಾವಲಿನವನು.

“ಗೊತ್ತಪ್ಪ. ಅಡುಗೆಗೆ ಇಷ್ಟು ಅವಸರ ಮಾಡಿದರೆ ಅನ್ನ ಬೇಯುವುದಿಲ್ಲ” ಎಂದು ಅವಳು ಒಳಗೆ ಹೋದಳು.

ಮೂರು ದಿನ, ಆರು ಆಟ. ಆಟ ಶುರುಮಾಡುವುದು ಹೇಗೆಂದು ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಮೊದಲ ಹತ್ತು ನಡೆ ನೋಡಿದ ಪಂಡಿತರು ಬಾಯಿಗೆ ಶಲ್ಯ ಅಡ್ಡ ಹಿಡಿದು ನಗುತ್ತಿದ್ದರು. ಆಟ ಅರ್ಧವಾಗುತ್ತಿದ್ದಂತೆ ನಗು ನಿಲ್ಲುತ್ತಿತ್ತು. ಆರಕ್ಕೆ ಆರೂ ಗೆದ್ದಳು. ಅದೃಷ್ಟ ಎಂದರು ಪಂಡಿತರು. ಆರು ಸಲ ಬಂದರೂ ಅದನ್ನು ಅದೃಷ್ಟ ಎಂದೇ ಕರೆಯುವುದು ಪಂಡಿತರಿಂದ ಮಾತ್ರ ಆಗುವ ಕೆಲಸ. ನಾಲ್ಕನೆಯ ದಿನ ಆಸ್ಥಾನದ ಆಟಗಾರನೆದುರು ಕೂತಳು. ಗೆದ್ದರೆ ದೊರೆ ಅವಳ ಮಾತು ಕೇಳುತ್ತಾನೆ. ಸೋತರೆ ತಿಂಗಳ ಕೊನೆಗೆ ಛತ್ರಕ್ಕೆ ಬೀಗ.

ಆ ದಿನ ಅವಳು ಮೊದಲಿನಿಂದಲೇ ಚೆನ್ನಾಗಿ ಆಡಿದಳು. ನೋಡಿ ನೋಡಿ ಕಲಿತಿದ್ದಳು. ಬಿರಡೆ ಈ ತಂಬಿಗೆಯಿಂದ ಆ ತಂಬಿಗೆಗೆ, ಆ ತಂಬಿಗೆಯಿಂದ ಈ ತಂಬಿಗೆಗೆ ಹಾರುತ್ತಿತ್ತು. ಆಟ ಸಮಸಮವಾಗಿ ನಡೆಯಿತು. ಆಗ ಎದುರಾಳಿಯ ಒಂದು ಆನೆ ಕಾವಲಿಲ್ಲದೆ ನಿಂತಂತೆ ಅವಳ ಕಣ್ಣಿಗೆ ಕಂಡಿತು. ಮಂತ್ರಿಯಿಂದ ಆ ಆನೆಯನ್ನು ಹೊಡೆದಳು. ಹೊಡೆದು ಬಿರಡೆ ಹಾಕಿ ಕೈ ತೆಗೆಯುವುದರೊಳಗೆ ಒಂದು ಕುದುರೆ ಹಾರಿ ಬಂದು ಅವಳ ಮಂತ್ರಿಯನ್ನೇ ನುಂಗಿತು. ಆ ಕುದುರೆ ಎಲ್ಲರಿಗೂ ಕಂಡಿತ್ತು. ಅವಳೊಬ್ಬಳಿಗೆ ಕಂಡಿರಲಿಲ್ಲ.

“ಒಲೆ ಆರಿತು” ಎಂದ ಒಬ್ಬ ಸರದಾರ. ಸಭೆ ನಕ್ಕಿತು.

ಅವಳ ಕೈ ಬಾಯಿಯ ಮೇಲೆ ಹೋಯಿತು. ಇಪ್ಪತ್ತು ವರ್ಷ ಬೇರೆಯವರ ತಪ್ಪನ್ನು ತೊಳೆದವಳಿಗೆ ತನ್ನದೇ ತಪ್ಪಿನ ಮುಂದೆ ಕೂತು ಗೊತ್ತಿರಲಿಲ್ಲ. ಏಕೆ ಹೊಡೆದೆ, ಏಕೆ ನೋಡಲಿಲ್ಲ ಎಂದು ಹೋದ ಮಂತ್ರಿಯನ್ನೇ ನೋಡುತ್ತ ಕೂತಳು. ನೀರು ಸೋರುತ್ತಿತ್ತು. ಆ ಹೊತ್ತಿನಲ್ಲಿ ಹತ್ತು ನಡೆ ಆಡಬಹುದಿತ್ತು. ಒಂದೂ ಆಡಲಿಲ್ಲ. ತಂಬಿಗೆ ಮುಕ್ಕಾಲು ಖಾಲಿಯಾಯಿತು.

ಆಮೇಲೆ ಅವಳು ಎದ್ದು ನಿಂತಳು.

ಸೋಲು ಒಪ್ಪಿದಳು ಎಂದು ಎಲ್ಲರೂ ತಿಳಿದರು. ಗೆಲುವು ಸಾರುವ ಡೋಲಿನವನು ಕೋಲು ಎತ್ತಿಕೊಂಡ. ಆಸ್ಥಾನದ ಆಟಗಾರ ಕೈ ಮುಗಿಯಲು ಹೋದ. ದೊರೆ ಮಾತ್ರ, “ತಾಳಿ. ಇನ್ನೂ ನೀರಿದೆ” ಎಂದ. ಅವಳು ಚಾಪೆ ಬಿಟ್ಟು ನಾಲ್ಕು ಹೆಜ್ಜೆ ಆಚೆ ಹೋದಳು. ತಿರುಗಿ ಬಂದಳು. ಸೆರಗಿಗೆ ಕೈ ಒರೆಸಿಕೊಂಡು ಅದೇ ಜಾಗದಲ್ಲಿ ಕೂತಳು. ಹಾಸನ್ನು ಆಗ ತಾನೇ ಕಂಡವಳಂತೆ ನೋಡಿದಳು. ಒಂದು ಆನೆ ಇದೆ, ಎರಡು ಕುದುರೆ ಇವೆ, ಐದು ಕಾಲಾಳು ಇದ್ದಾರೆ. ಇದಕ್ಕಿಂತ ಹಾಳಾದ ಆಟಗಳನ್ನು ಬಿಟ್ಟು ಎಷ್ಟೋ ಜನ ಗಾಡಿ ಹತ್ತಿದ್ದರು.

ಮುಂದಿನದನ್ನು ಹೇಳುವಾಗ ನನಗೆ ಈಗಲೂ ಎದೆ ಉಬ್ಬುತ್ತದೆ. ಅವಳು ಕುದುರೆ ಎತ್ತಿಟ್ಟಳು, ಬಿರಡೆ ಹಾಕಿದಳು. ಅವನು ಆಡಿದ. ಅವನ ಕೈ ಹಾಸಿನಿಂದ ಏಳುವ ಮೊದಲೇ ಅವಳ ನಡೆ ಸಿದ್ಧವಾಗಿರುತ್ತಿತ್ತು. ಅವಳಿಗೆ ಕಳೆದುಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲ. ಅವನಿಗೆ ಹನ್ನೆರಡು ವರ್ಷದ ಹೆಸರಿತ್ತು, ಗೆದ್ದೇಬಿಟ್ಟಂಥ ಆಟವಿತ್ತು. ಇಂಥ ಆಟವನ್ನು ಕೈ ಬಿಟ್ಟರೆ ಜನ ಏನಂದಾರು ಎಂದು ಅವನಿಗೆ ಮೊದಲ ಬಾರಿ ಅನ್ನಿಸಿತು. ಒಂದಕ್ಕೆ ಎರಡು ಸಲ ನೋಡಿ ಆಡತೊಡಗಿದ. ಅವಳ ಕುದುರೆಗೆ ಹೆದರಿ ಕಾಲಾಳುಗಳನ್ನು ರಾಜನ ಮುಂದೆಯೇ ನಿಲ್ಲಿಸಿಕೊಂಡ. ಅದೂ ಸಾಲದೆಂದು ಉಳಿದಿದ್ದ ಆನೆಯನ್ನು ತಂದು ರಾಜನ ಪಕ್ಕದಲ್ಲೇ ನಿಲ್ಲಿಸಿದ. ಅವನ ತಂಬಿಗೆ ಅರ್ಧಕ್ಕಿಂತ ಕೆಳಗಿಳಿಯಿತು. ಸಭೆಯಲ್ಲಿ ಯಾರೂ ಅದನ್ನು ಹಿಂದೆ ಕಂಡಿರಲಿಲ್ಲ. ಪಂಡಿತರು ಶಲ್ಯ ಕೆಳಗಿಳಿಸಿದರು. ಅವನ ತಂಬಿಗೆ ಕಾಲು ಭಾಗಕ್ಕೆ ಬಂತು. ಈಗ ಇಬ್ಬರ ನೀರೂ ತಳ ಕಂಡಿತ್ತು. ಹಾಸಿನ ಮೂಲೆಯಲ್ಲಿ ಅವನ ರಾಜ ನಿಂತಿದ್ದ. ಪಕ್ಕದಲ್ಲಿ ಅವನದೇ ಆನೆ, ಮುಂದೆ ಅವನದೇ ಕಾಲಾಳುಗಳು. ಕಾಲಿಡಲು ಒಂದು ಮನೆಯೂ ಖಾಲಿಯಿರಲಿಲ್ಲ.

ಅವಳ ಕುದುರೆ ಹಾರಿ ರಾಜನಿಗೇ ಗುರಿಯಿಟ್ಟಿತು. ಅವನ ಯಾವ ಕಾಯಿಗೂ ಅದು ಎಟುಕಲಿಲ್ಲ. ರಾಜನಿಗೆ ಅಲುಗಲು ಜಾಗವಿಲ್ಲ. ಅವಳು ಅದೇ ಕೈಯಲ್ಲಿ ಬಿರಡೆ ಹಾಕಿಕೊಂಡು ಕೈ ಕಟ್ಟಿ ಕೂತಳು. ಅವಳ ತಂಬಿಗೆಯಲ್ಲಿ ಎರಡು ಗುಟುಕು ನೀರು ಉಳಿದಿತ್ತು.

ಡೋಲಿನವನು ಹೊಡೆದ ಹೊಡೆತಕ್ಕೆ ಕೋಲೇ ಮುರಿಯಿತು ಎನ್ನುತ್ತಾರೆ. ಒಲೆ ಆರಿತೆಂದ ಸರದಾರನೇ ಎಲ್ಲರಿಗಿಂತ ಜೋರಾಗಿ ಕೂಗಿದ. ದೊರೆ ಇಳಿದು ಬಂದು ಅವಳೆದುರು ಚಾಪೆಯ ಮೇಲೆ ಕೂತ. ಅವಳು ಛತ್ರದ ವಿಷಯ ಹೇಳಿದಳು, ಕಾಲ್ನಡಿಗೆಯಲ್ಲಿ ಬರುವವರ ವಿಷಯ ಹೇಳಿದಳು. ದೊರೆಗೆ ತನ್ನ ಅಧಿಕಾರಿಯ ಮೇಲೆ ಸಿಟ್ಟು ಬಂತು. “ಇನ್ನು ಆ ಛತ್ರಕ್ಕೆ ಯಾರೂ ಬೀಗ ಹಾಕಕೂಡದು. ಬಾಗಿಲನ್ನೇ ಕಿತ್ತು ಹಾಕಿ” ಎಂದ.

“ಬಾಗಿಲು ಇರಲಿ, ಮಹಾಸ್ವಾಮಿ, ನಾಯಿ ನುಗ್ಗುತ್ತವೆ. ಬೀಗ ಬೇಡ, ಅಷ್ಟೇ” ಎಂದಳು.

ಆಸ್ಥಾನದ ಆಟಗಾರ ದೊಡ್ಡ ಮನಸ್ಸಿನವನು. ಅವನು ಮುಖ ಗಂಟಿಕ್ಕಿಕೊಳ್ಳಲಿಲ್ಲ. ಎದ್ದು ಬಂದು ಅವಳಿಗೆ ಕೈ ಮುಗಿದು ಕೇಳಿದ: “ತಾಯಿ, ಮಂತ್ರಿ ಹೋದ ಮೇಲೆ ನಿನಗೆ ಅಂಥ ಧೈರ್ಯ ಎಲ್ಲಿಂದ ಬಂತು?”

“ಮಂತ್ರಿಯನ್ನು ಕಳೆದುಕೊಂಡವಳಿಗೆ ಧೈರ್ಯ ಎಲ್ಲಿತ್ತು, ಸ್ವಾಮಿ? ಅವಳು ಎದ್ದು ಹೋದಳು. ನಾನು ಆಮೇಲೆ ಬಂದು ಕೂತವಳು” ಎಂದಳು ಆ ಹೆಂಗಸು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಕೊಟ್ಟೂರಯ್ಯ ವಾದದಲ್ಲಿ ಪಳಗಿದವನು. ಅವನಿಗೆ ಸಮಾಧಾನವಾಗಲಿಲ್ಲ. “ಗುರುಗಳೇ, ಕತೆ ಚೆನ್ನಾಗಿದೆ. ಆದರೆ ಎದ್ದವಳೂ ಕೂತವಳೂ ಒಬ್ಬಳೇ ತಾನೆ? ನಾಲ್ಕು ಹೆಜ್ಜೆ ಹೋಗಿ ಬಂದ ಮಾತ್ರಕ್ಕೆ ಬೇರೆಯವಳಾಗುತ್ತಾಳೆಯೇ? ತಪ್ಪು ಮಾಡಿದವನು ನಾನೇ. ಅಲ್ಲಿ ಕೂತರೆ ಎಲ್ಲರೂ ನನ್ನನ್ನೇ ನೋಡುತ್ತಾರೆ. ನನಗೆ ಅಪ್ಪಣೆ ಕೊಡಿ” ಎಂದ.

ವಾದಸಭೆಗೆ ಕರೆಯುವ ಗಂಟೆ ಹೊಡೆಯಿತು. ಗುರುಗಳು ಎದ್ದು ಶಿಷ್ಯನ ಬಟ್ಟೆಯ ಗಂಟನ್ನು ತಮ್ಮ ಕೈಗೆ ತೆಗೆದುಕೊಂಡು ಹೇಳಿದರು:

“ನಿನ್ನೆ ತಪ್ಪಿದ ಕೊಟ್ಟೂರಯ್ಯನಿಗೆ ಊರಿಗೆ ಹೋಗಲು ಅಪ್ಪಣೆ ಕೊಟ್ಟಿದ್ದೇನಪ್ಪ; ಅವನ ಜಾಗ ಖಾಲಿಯಿದೆ, ನೀನು ಹೋಗಿ ಕೂತುಕೋ.”