ಬೆಟ್ಟಕ್ಕೆ ದಬ್ಬೆ ಕಟ್ಟಿದ ದ್ಯಾವವ್ವ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಹೇಳಿ ಅಭ್ಯಾಸ, ಬರೆದು ಅಭ್ಯಾಸವಿಲ್ಲ. ಈ ಕಥೆಯನ್ನು ನಮ್ಮ ಅಜ್ಜಿ ಹೇಳುತ್ತಿದ್ದರೆ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ನಾನು ಹೇಳಿದರೆ ಜನ ನಡುವೆ ಎದ್ದು ನೀರು ಕುಡಿಯಲು ಹೋಗುತ್ತಾರೆ. ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳುವ ಚಟ ನನ್ನದು. ಸಹಿಸಿಕೊಳ್ಳಿ.

ಬಹಳ ಹಿಂದೆ, ಒಂದು ಊರು. ಊರಿನ ಬೆನ್ನಿಗೆ ಒಂದು ಬೆಟ್ಟ. ಬೆಟ್ಟದ ಹೊಟ್ಟೆಯಲ್ಲಿ ಬಂಗಾರ. ಬಂಗಾರವೆಂದರೆ ಹೊಳೆಯುತ್ತ ಬಿದ್ದಿರುತ್ತದೆ ಎಂದುಕೊಳ್ಳಬೇಡಿ. ಕಲ್ಲಿನೊಳಗೆ ಕೂದಲೆಳೆಯ ಹಾಗೆ ಸೇರಿಕೊಂಡಿರುತ್ತದೆ. ಅದಕ್ಕಾಗಿ ಗಂಡಸರು ಗವಿ ತೋಡಿ, ಔಡಲೆಣ್ಣೆಯ ದೀಪ ಹಿಡಿದು ಒಳಗೆ ಹೋಗುತ್ತಿದ್ದರು. ಮೇಲಿನಿಂದ ಕಲ್ಲು ಕಳಚಿ ಬೀಳುತ್ತಿತ್ತು. ಇವತ್ತು ಒಬ್ಬನ ಭುಜ, ನಾಳೆ ಇನ್ನೊಬ್ಬನ ತೊಡೆ. ಆ ಊರಿನಲ್ಲಿ ಕುಂಟದೆ ನಡೆಯುವ ಗಂಡಸು ಕಂಡರೆ, ಯಾರ ಮನೆಗೆ ಬಂದ ನೆಂಟ ಎಂದು ಕೇಳುತ್ತಿದ್ದರಂತೆ.

ಆ ಮುರಿದ ಎಲುಬುಗಳನ್ನೆಲ್ಲ ಕೂಡಿಸುತ್ತಿದ್ದವಳು ದ್ಯಾವವ್ವ. ಅವಳ ಹತ್ತಿರ ಇದ್ದದ್ದು ಬಿದಿರ ದಬ್ಬೆ, ಹಳೆ ಸೀರೆಯ ಚೂರು, ಎರಡು ಕೈ. ದಬ್ಬೆ ಎಂದರೆ ಸೀಳಿದ ಬಿದಿರಿನ ಪಟ್ಟಿ. ಮುರಿದ ಕಾಲಿನ ಎರಡೂ ಬದಿಗೆ ಇಟ್ಟು ಬಟ್ಟೆ ಸುತ್ತಿದರೆ ಎಲುಬು ಅಲುಗದೆ ತಾನೇ ಬೆಸೆದುಕೊಳ್ಳುತ್ತದೆ. ಅವಳು ಕಣ್ಣು ಮುಚ್ಚಿ ಮುಟ್ಟಿದರೆ ಮುರಿದ ಜಾಗ ಬೆರಳಿಗೆ ತಾನೇ ಸಿಗುತ್ತಿತ್ತು ಎನ್ನುತ್ತಾರೆ. ಅವಳ ಬೈಗುಳ ಕೇಳಿದರೇ ಅರ್ಧ ನೋವು ಹೋಗುತ್ತಿತ್ತು ಎಂದೂ ಎನ್ನುತ್ತಾರೆ. ಯಾರಾದರೂ ಚೀರಿದರೆ, "ಇನ್ನೂ ಜೋರಾಗಿ ಚೀರೋ, ನಿಮ್ಮ ಅತ್ತಿ ಊರಿಗೂ ಕೇಳಲಿ" ಎನ್ನುತ್ತಿದ್ದಳಂತೆ.

ಆದರೆ ಊರಿಗೆ ಒಂದು ಕಟ್ಟಳೆ ಇತ್ತು. ಪೆಟ್ಟು ತಿಂದು ತಾನಾಗಿ ಹೊರಬಂದವನು ದ್ಯಾವವ್ವನ ಪಾಲು. ಕಲ್ಲಿನಡಿ ಸಿಕ್ಕಿಕೊಂಡವನು ಬೆಟ್ಟದ ಪಾಲು. ಅವನನ್ನು ಎಳೆಯಬಾರದು. ಎಳೆದರೆ ಬೆಟ್ಟ ಎಳೆದವರನ್ನೂ ತಿನ್ನುತ್ತದೆ. ಇದು ಬರೀ ಹೆದರಿಕೆಯಲ್ಲ, ಹಾಗೆ ಆಗಿತ್ತು. ಒಂದು ಬಂಡೆ ಕಳಚಿದ ಮೇಲೆ ಪಕ್ಕದ ಬಂಡೆಗೆ ಆಸರೆ ತಪ್ಪುತ್ತದೆ. ಎಳೆಯಲು ಓಡಿದವರ ನೆತ್ತಿಗೆ ಅದು ಬೀಳುತ್ತದೆ. ಜನ ಅದನ್ನು ಬೆಟ್ಟದ ಸಿಟ್ಟು ಎಂದು ತಿಳಿದರು. ಅದಕ್ಕೇ ಗವಿಯ ಬಾಯಲ್ಲಿ ಕಾಯಿ ಒಡೆದು, ಕಲ್ಲು ಪೇರಿಸಿ ಮುಚ್ಚಿಬಿಡುತ್ತಿದ್ದರು.

ಒಂದು ಮಧ್ಯಾಹ್ನ ಹುಲಿಗೆಪ್ಪ ಎಂಬವನ ಕಾಲಿನ ಮೇಲೆ ಬಂಡೆ ಬಿತ್ತು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಹೆಂಡತಿ ನಿಂಗಮ್ಮ ರೊಟ್ಟಿ ಗಂಟು ಹಿಡಿದು ಬಂದವಳು ಹಾಗೇ ನಿಂತಳು. ಒಳಗಿನಿಂದ ಅವನ ದನಿ ಕೇಳುತ್ತಿತ್ತು. ಊರ ಗೌಡ ಕಾಯಿ ಹಿಡಿದು ನಿಂತಾಗಿತ್ತು, ಕಲ್ಲು ಹೊರುವವರೂ ಬಂದಾಗಿತ್ತು.

ಆಗ ದ್ಯಾವವ್ವ ಜನರನ್ನು ಸರಿಸಿಕೊಂಡು ಮುಂದೆ ಬಂದಳಂತೆ.

"ಗೌಡ್ರ, ಕಾಯಿ ಒಡೀಬ್ಯಾಡ್ರಿ. ಅವ ಇನ್ನೂ ಮಾತಾಡಕತ್ಯಾನ."

"ನಿಂದು ಮನಷ್ಯಾರ ಎಲುಬಿನ ಕೆಲಸ, ದ್ಯಾವವ್ವ. ಇದು ಬೆಟ್ಟ."

"ಬೆಟ್ಟದ್ದೂ ಎಲುಬು ಮುರದೈತಿ. ದಬ್ಬಿ ಕಟ್ಟಿದ್ರ ನಿಂದರತೈತಿ."

ಬೆಟ್ಟಕ್ಕೆ ಕಟ್ಟುವ ದಬ್ಬೆ ಎಲ್ಲಿದೆ? ಸುತ್ತ ಜಾಲಿ ಮುಳ್ಳು ಬಿಟ್ಟರೆ ಮರವಿಲ್ಲ. ದ್ಯಾವವ್ವ ನೆಟ್ಟಗೆ ತನ್ನ ಮನೆಗೆ ಹೋದಳು. ಅವು ಮಾಳಿಗೆ ಮನೆಗಳು. ಮಾಳಿಗೆ ಎಂದರೆ ತೊಲೆಯ ಮೇಲೆ ಮಣ್ಣು ಹಾಕಿದ ಚಪ್ಪಟೆ ಸೂರು, ತೊಲೆಯ ಕೆಳಗೆ ಮರದ ಕಂಬ. ಕಂಬ ಕಿತ್ತರೆ ಸೂರು ಕುಸಿಯುತ್ತದೆ. ಅವಳು ಕಿತ್ತಳು. ಇಬ್ಬರು ಹೊರುವ ಕಂಬವನ್ನು ಒಬ್ಬಳೇ ಹೆಗಲಿಗೇರಿಸಿ ಬೀದಿಯ ನಡುವೆ ಬಂದಳು ಎನ್ನುತ್ತಾರೆ. ನಮ್ಮ ಅಜ್ಜಿ ಹೇಳುವಾಗ ಎರಡು ಹೆಗಲಿಗೆ ಎರಡು ಕಂಬ ಇರುತ್ತಿದ್ದವು. ಅವಳ ಬೆನ್ನ ಹಿಂದೆ ಮಾಳಿಗೆಯ ಮಣ್ಣು ದಬದಬನೆ ಬೀಳುತ್ತಿತ್ತು. ಅವಳು ತಿರುಗಿ ನೋಡಲಿಲ್ಲ ಎನ್ನುತ್ತಾರೆ.

ಮೊದಲು ನಿಂಗಮ್ಮನ ಮನೆಯಲ್ಲಿ ಕಂಬ ಕೀಳುವ ಸದ್ದು ಕೇಳಿತು. ಆಮೇಲೆ ಅದರ ಪಕ್ಕದ ಮನೆ. ಆಮೇಲೆ ಕೇರಿಯೆಲ್ಲ. ಗೌಡ ತನ್ನ ಮನೆಗೆ ಓಡಿ ಬಂದರೆ, ಗೌಡಸಾನಿ ಹಂಸದ ಕೆತ್ತನೆಯ ಕಂಬವನ್ನೇ ಕೀಳಿಸುತ್ತಿದ್ದಳಂತೆ. ಮಾಳಿಗೆಯ ಗತಿ ಏನೆಂದು ಅವನು ಕೇಳಿದ.

"ಮಾಳಿಗಿ ಬಿದ್ರ ಮತ್ತ ಮಣ್ಣು ಹಾಕಿದ್ರಾತು. ನೀವು ಆ ಕಾಯಿ ಕೆಳಗಿಟ್ಟು ಆಚಿ ತುದಿ ಹಿಡೀರಿ."

ಗೌಡ ಕಾಯಿ ಕೆಳಗಿಟ್ಟ.

ಕಂಬ ಹೊತ್ತು ಗವಿಯೊಳಗೆ ಬಂದವರೆಲ್ಲ ಹುಲಿಗೆಪ್ಪನ ಕಡೆ ನುಗ್ಗಲು ಹೋದರು. ದ್ಯಾವವ್ವ ತಡೆದಳು. ಮೊದಲು ಬೆಟ್ಟ, ಆಮೇಲೆ ಮನುಷ್ಯ ಎಂದಳಂತೆ. ಕಂಬದ ಬುಡಕ್ಕೆ ಚಪ್ಪಟೆ ಕಲ್ಲು ಕೊಟ್ಟು, ತಲೆಗೆ ಮರದ ಬೆಣೆ ಬಡಿದು, ಹೆಜ್ಜೆಹೆಜ್ಜೆಗೂ ಕಂಬ ನಿಲ್ಲಿಸುತ್ತ ಮುಂದೆ ಹೋದರು. ಗವಿ ನೋಡುತ್ತ ನೋಡುತ್ತ ಊರಿನ ಪಡಸಾಲೆಯ ಹಾಗೆ ಆಯಿತು ಎನ್ನುತ್ತಾರೆ. ಆಮೇಲೆ ಹಾರೆಗಳಿಂದ ಬಂಡೆಯನ್ನು ಚೂರು ಎತ್ತುವುದು, ಸಂದಿಗೆ ಕಲ್ಲು ತುರುಕುವುದು, ಮತ್ತೆ ಚೂರು ಎತ್ತುವುದು.

ಕಾಲು ಉಳಿಯುತ್ತದೆಯೇ ಎಂದು ಹುಲಿಗೆಪ್ಪ ಕೇಳಿದನಂತೆ.

"ಅದು ಇವತ್ತಿನಿಂದ ನನ್ನ ಕಾಲು. ನಾ ಹೇಳಿದಂಗ ಕೇಳತೈತಿ. ನೀ ಸುಮ್ಮನಿರು."

ದಬ್ಬೆ ಕಟ್ಟಿ ಅವನನ್ನು ಎತ್ತಿಕೊಂಡರು. ಅಷ್ಟರಲ್ಲಿ ಕಂಬಗಳು ನರಳತೊಡಗಿದವು. ಮರದ ಗುಣವೇ ಅದು. ಕಲ್ಲು ಹೇಳದೆ ಬೀಳುತ್ತದೆ, ಮರ ಮುರಿಯುವ ಮೊದಲು ಕಿರುಗುಟ್ಟಿ ಹೇಳುತ್ತದೆ. ಎಲ್ಲರೂ ಹೊರಗೆ ಓಡಿದರು. ಕೊನೆಗೆ ಬಂದವಳು ದ್ಯಾವವ್ವ. ಅವಳ ಸೆರಗು ಗವಿಯ ಬಾಯಿ ದಾಟಿದ ಮೇಲೆ ಬೆಟ್ಟ ಗುಡುಗಿತು, ಧೂಳು ಆಳೆತ್ತರ ಎದ್ದಿತು. ಧೂಳು ಇಳಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಕಡಿಮೆ ಇರಲಿಲ್ಲ. ಬೆಟ್ಟಕ್ಕೆ ಸಿಕ್ಕಿದ್ದು ಬರೀ ಮರ.

ಗೌಡ ಆ ಕಾಯಿಯನ್ನು ತರಿಸಿ ಒಡೆದ. ದೊಡ್ಡ ಹೋಳನ್ನು ಹುಲಿಗೆಪ್ಪನೇ ತಿಂದ. ಆ ಬೇಸಿಗೆ ಊರಿಗೆ ಊರೇ ಬಯಲಿನಲ್ಲಿ ಚುಕ್ಕಿಗಳ ಕೆಳಗೆ ಮಲಗಿತು. ಹುಲಿಗೆಪ್ಪ ಮುಂದಿನ ಸುಗ್ಗಿಗೆ ತೆನೆ ಹೊತ್ತು ನಡೆದ ಎನ್ನುತ್ತಾರೆ. ಓಡಿದ ಎನ್ನುವವರೂ ಇದ್ದಾರೆ. ಕಲ್ಲಿನಡಿ ಸಿಕ್ಕಿದವನಿಗೆ ಕಾಯಿ ಒಡೆಯುವ ಕಟ್ಟಳೆ ಅಂದಿಗೇ ಮುಗಿಯಿತು.

ಇವತ್ತಿಗೂ ನಮ್ಮ ಊರಿನಲ್ಲಿ ಮನೆ ಕಟ್ಟುವವರು ಒಂದು ಕಂಬ ಹೆಚ್ಚಿಗೆ ನಿಲ್ಲಿಸುತ್ತಾರೆ. ಅದಕ್ಕೆ ದ್ಯಾವವ್ವನ ಕಂಬ ಎಂದು ಹೆಸರು. ಸಿಮೆಂಟಿನ ಮನೆಯಾದರೂ ಅದೊಂದು ಮಾತ್ರ ಮರದ್ದೇ. ಅದು ಯಾವ ಭಾರವನ್ನೂ ಹೊರುವುದಿಲ್ಲ. ಅದರ ತಲೆಗೂ ಸೂರಿಗೂ ನಡುವೆ ಒಂದು ಬೆರಳು ಸಂದು ಬಿಡುತ್ತಾರೆ. ನೋಡಿದವರು ಬಡಗಿ ಅಳತೆ ತಪ್ಪಿದ್ದಾನೆ ಎಂದು ನಗುತ್ತಾರೆ. ತಪ್ಪಿಲ್ಲ. ಆ ಸಂದು ಯಾಕೆಂದರೆ, ಯಾವುದೋ ಮನೆಯವರು ಒಂದು ದಿನ ಬಾಗಿಲಿಗೆ ಬಂದು ಕಂಬ ಬೇಕು ಎಂದರೆ, ಆಗ ನಾವು

ತಾಳಿ, ಎದುರು ಮನೆಯ ಅಮರಪ್ಪ ಕೂಗುತ್ತಿದ್ದಾನೆ. ಅವನ ಹೊಸ ಮನೆಗೆ ದ್ಯಾವವ್ವನ ಕಂಬ ಎತ್ತುತ್ತಿದ್ದಾರಂತೆ. ಆಚೆ ತುದಿ ಹಿಡಿಯಲು ಜನ ಇಲ್ಲವಂತೆ.