ಚೀಟಿ ಕಿತ್ತುಹೋದ ನಾಲ್ಕು ಗ್ಲಾಸು

ತೊಳೆದ ಗ್ಲಾಸನ್ನು ಒಮ್ಮೆ ಮೂಸಿ ನೋಡದೆ ಸುಂದರಿಯಕ್ಕ ಕೆಳಗಿಡುವವಳಲ್ಲ. ಮಂಗಳೂರಿನ ಒಂದು ಪಬ್ಬಿನಲ್ಲಿ ಅವಳಿಗೆ ಗ್ಲಾಸು ತೊಳೆಯುವ ಕೆಲಸ.

ಅಂದು ಬಿಯರಿನ ರುಚಿ ಹೇಳುವುದರಲ್ಲಿ ಹೆಸರಾದ ನೊರೊನ್ಹಾ ಸಾಹೇಬರು ಬಾಟಲಿ ನೋಡದೆ, ಬರೇ ಕುಡಿದು, ಹಣ್ಣಿನ ಘಮ ಬೀರುವ ಐಪಿಎ ಎಂಬ ಜಾತಿಯ ಅಮೆರಿಕದ ನಾಲ್ಕು ಬಿಯರುಗಳನ್ನು ತೂಗಿ ನೋಡುವವರಿದ್ದರು. ಅಷ್ಟರಲ್ಲಿ ಸುಂದರಿಯಕ್ಕನ ಒದ್ದೆ ಬಟ್ಟೆ ತಾಗಿ, ಬಿಯರು ಸುರಿದಿಟ್ಟಿದ್ದ ಗ್ಲಾಸುಗಳ ನಂಬರ್ ಚೀಟಿಗಳೆಲ್ಲ ಕಿತ್ತುಬಂದವು.

"ಯಾವುದು ಯಾವ ಬಿಯರೆಂದು ಈಗ ಯಾರು ಹೇಳುವುದು? ಇವಳನ್ನು ಕೆಲಸದಿಂದ ತೆಗೀರಿ!" ಸಾಹೇಬರು ಗುಡುಗಿದರು. ಪಬ್ಬಿನ ಧಣಿ ಆಗಲಿ ಎಂದು ತಲೆಯಾಡಿಸಿದರು.

"ನಿಮ್ಮಂಥ ನಾಲಿಗೆಗೆ ಚೀಟಿ ಯಾಕೆ ಸರ್? ನೀವು ಹೇಳಿ, ನಾನು ಅಂಟಿಸ್ತೇನೆ," ಎಂದಳು ಸುಂದರಿಯಕ್ಕ.

ನೋಡಲು ಸೇರಿದ್ದ ಗಿರಾಕಿಗಳೆಲ್ಲ ನಕ್ಕರು. ಸಾಹೇಬರು ಕುಡಿಯಲೇಬೇಕಾಯಿತು. ಮಾವಿನ ಹಣ್ಣಿನ ಘಮ ಹೊಡೆಯುವ ಗ್ಲಾಸನ್ನು ಮೂಗಿಗೆ ಹಿಡಿದು ಸೊರಸೊರ ಎಳೆದರು, ಘಮ ಮಾತ್ರ ಸಿಕ್ಕಂತೆ ಕಾಣಲಿಲ್ಲ. ನೆಗಡಿಯಿಂದ ಅವರ ಮೂಗು ಕಟ್ಟಿದೆಯೆಂದು ಅವಳಿಗೆ ಹೊಳೆಯಿತು. ಪಾಪ ಅನ್ನಿಸಿತು. ಮೇಜು ಒರೆಸುವ ನೆಪದಲ್ಲಿ ಬಗ್ಗಿ, "ಇದು ಮಾವು. ಆಚೆಯದು ಮೂಸಂಬಿ ಸಿಪ್ಪೆ," ಎಂದು ಒಂದೊಂದಾಗಿ ಪಿಸುಗುಟ್ಟಿದಳು.

ಸಾಹೇಬರು ಅದನ್ನೇ ಗಟ್ಟಿಯಾಗಿ ಹೇಳಿದರು. ಬಾಟಲಿಗಳ ಮೇಲೆ ಬರೆದಿದ್ದ ಘಮಗಳಿಗೆ ನಾಲ್ಕೂ ಸರಿಯಾಗಿ ಹೊಂದಿದವು. ಚಪ್ಪಾಳೆ ಬಿತ್ತು.

"ಇವರನ್ನು ಕಳಿಸಬೇಡಿ," ಎಂದರು ಸಾಹೇಬರು ಧಣಿಗೆ. ಆಮೇಲೆ ಅವಳತ್ತ ಬಗ್ಗಿ, ಮೆಲ್ಲಗೆ:

"ಅಕ್ಕಾ, ಇನ್ನೊಂದು ಸುತ್ತು ಉಂಟು. ಈ ಮೇಜು ಸ್ವಲ್ಪ ಒರೆಸ್ತೀರಾ?"