ಗಂಟಿನ ತಳದ ಬಿಳಿ ಬಟ್ಟೆ

ಕೊಟ್ರಯ್ಯನೆಂಬ ಶಿಷ್ಯ ಒಂದು ದಿನ ಗುರುಗಳ ಮುಂದೆ ಕೈಮುಗಿದು ಕೇಳಿದ: "ಬುದ್ಧಿ, ಸಾವಿನ ಭಯ ನನ್ನನ್ನು ಬಿಡುತ್ತಿಲ್ಲ. ಉಣ್ಣುವಾಗಲೂ ಅದೇ, ಪೂಜೆಗೆ ಕೂತಾಗಲೂ ಅದೇ. ಅದು ಹೋಗಲು ಯಾವ ಮಂತ್ರ ಜಪಿಸಬೇಕು?"

ಗುರುಗಳು ಹೇಳಿದರು:

ಒಬ್ಬ ವ್ಯಾಪಾರಿಯಿದ್ದ. ಅವನಿಗೂ ನಿನ್ನದೇ ರೋಗ. ಹಲ್ಲಿ ಲೊಚಗುಟ್ಟಿದರೆ ಪಯಣ ನಿಲ್ಲಿಸುತ್ತಿದ್ದ, ಬೆಕ್ಕು ಅಡ್ಡ ಬಂದರೆ ಮನೆಗೆ ಮರಳುತ್ತಿದ್ದ. ತೋಳಿಗೆ ಮೂರು ತಾಯಿತ ಕಟ್ಟಿಕೊಂಡಿದ್ದ. ದಾರಿಯಲ್ಲಿ ಸತ್ತರೆ ಹೆಣಕ್ಕೆ ಹೊದಿಸಲು ಬಟ್ಟೆ ಯಾರು ತಂದಾರು ಎಂದು, ತನ್ನ ಗಂಟಿನ ತಳದಲ್ಲಿ ಒಂದು ಹೊಸ ಬಿಳಿ ಬಟ್ಟೆಯನ್ನು ಯಾವಾಗಲೂ ಇಟ್ಟುಕೊಂಡಿರುತ್ತಿದ್ದ. ಬುತ್ತಿ ಮರೆತರೂ ಮರೆತಾನು, ಆ ಬಟ್ಟೆಯನ್ನು ಮರೆಯುತ್ತಿರಲಿಲ್ಲ.

ಒಮ್ಮೆ ಅವನು ನಾಲ್ಕು ಗಾಡಿ ಸರಕಿನೊಂದಿಗೆ ಹೊರಟ. ಗಾಡಿಯವರಲ್ಲದೆ, ಎಳೆಗೂಸನ್ನು ಎತ್ತಿಕೊಂಡು ತವರಿನಿಂದ ಗಂಡನ ಮನೆಗೆ ಹೊರಟಿದ್ದ ಒಬ್ಬ ಹೆಂಗಸೂ ಜೊತೆಗಿದ್ದಳು. ದಾರಿಯಲ್ಲಿ ದರೋಡೆಕೋರರ ಸುದ್ದಿಯಿತ್ತು; ಕೈಗೆ ಸಿಕ್ಕವರನ್ನು ಅವರು ಜೀವಸಹಿತ ಬಿಡುವವರಲ್ಲ. ಬೆಳಿಗ್ಗೆಯಿಂದ ಗಾಡಿ ಎಲ್ಲೂ ನಿಲ್ಲಕೂಡದೆಂದು ವ್ಯಾಪಾರಿ ಅಪ್ಪಣೆ ಮಾಡಿದ್ದ. ಕೂಸಿನ ಬಟ್ಟೆಗಳೆಲ್ಲ ಹೊಲಸಾಗಿವೆ, ನೀರಿರುವಲ್ಲಿ ಒಂದು ಗಳಿಗೆ ನಿಲ್ಲಿಸಿರೆಂದು ಹೆಂಗಸು ಎರಡು ಸಲ ಬೇಡಿಕೊಂಡಳು. ಅವನು ಕೇಳಲಿಲ್ಲ. ವಾಸನೆ ತಾಳದೆ ಅವಳನ್ನು ಕೊನೆಯ ಗಾಡಿಗೆ ಕಳಿಸಿದ.

ಹೆದರುವವರ ಮೇಲೆ ಹಾವೆಸೆದ ಹಾಗೆ, ನಡುಮಧ್ಯಾಹ್ನ ಹಿಂದಿನಿಂದ ಕುದುರೆಗಳ ಸದ್ದು ಕೇಳಿತು. ಎಲ್ಲರೂ ಗಾಡಿ ಬಿಟ್ಟು ಓಡಿ ಗುಡ್ಡದ ಗವಿಯೊಂದಕ್ಕೆ ನುಗ್ಗಿದರು. ವ್ಯಾಪಾರಿ ತನ್ನ ಗಂಟನ್ನು ಮಾತ್ರ ಬಿಡದೆ ತಂದಿದ್ದ. ದರೋಡೆಕೋರರು ಗಾಡಿಗಳನ್ನು ದೋಚಿದರು. ಆಮೇಲೆ ಪೊದೆ ಪೊದೆ ಬಡಿಯುತ್ತ ಜನರನ್ನು ಹುಡುಕತೊಡಗಿದರು. ಒಳಗೆ ಎಲ್ಲರ ಕಣ್ಣೂ ಗವಿಯ ಬಾಯಿಯ ಮೇಲೆ. ಉಸಿರಾಡಲೂ ಭಯ. ಆಗ ಕೂಸು ಮುಲುಗಿತು.

"ಅದರ ಬಾಯಿ ಮುಚ್ಚವ್ವಾ, ಎಲ್ಲಾರೂ ಸಾಯ್ತೀವಿ," ಎಂದು ಪಿಸುಗುಟ್ಟಿದವನು ಆ ವ್ಯಾಪಾರಿಯೇ. ತಾಯಿ ಕೂಸಿನ ಬಾಯಿಯ ಮೇಲೆ ಅಂಗೈ ಇಟ್ಟಳು. ಕೂಸು ಕೊಸರಾಡಿತು. ಅವಳು ಇನ್ನೂ ಒತ್ತಿದಳು. ಕೂಸಿನ ಮುಖ ಕಪ್ಪಿಟ್ಟಿತು. ಏನಾಗುತ್ತಿದೆಯೆಂದು ಅಲ್ಲಿದ್ದವರಿಗೆಲ್ಲ ತಿಳಿದಿತ್ತು, ಒಬ್ಬರೂ ಅತ್ತ ತಿರುಗಲಿಲ್ಲ. ಕೊಟ್ರಯ್ಯ, ಭಯವೆಂಬುದು ಅಷ್ಟು ಹೊಲಸು.

ಒದೆಯುತ್ತಿದ್ದ ಕೂಸಿನ ಕಾಲು ವ್ಯಾಪಾರಿಯ ಕೈಗೆ ತಗಲಿತು. ಕೈ ಒದ್ದೆಯಾಯಿತು. ತಿರುಗಿ ನೋಡಿದ. ಬೆಳಿಗ್ಗೆಯಿಂದ ಹೊಲಸಿನಲ್ಲೇ ಇದ್ದು ಕೂಸಿನ ತೊಡೆಯೆಲ್ಲ ಬೆಂದು ಕೆಂಪಾಗಿತ್ತು. ಅದು ಅಳುತ್ತಿದ್ದುದು ಆ ಉರಿಗೆ. ಗಾಡಿ ನಿಲ್ಲಿಸಗೊಡದವನು ತಾನೇ. ಅವನು ತಾಯಿಯ ಕೈ ಹಿಡಿದು ಸರಿಸಿದ. ಕೂಸು ಉಸಿರೆಳೆದುಕೊಂಡು ಸಣ್ಣಗೆ ಮುಲುಗಿತು.

"ಮೊದಲು ಈ ಹೊಲಸು ಬಟ್ಟೆ ಬಿಚ್ಚು, ತಂಗಿ."

"ಗಂಟು ತೊಯ್ದು ಬಿಗಿದೈತಿ ಯಣ್ಣಾ, ಬಿಚ್ಚಾಕ ಆಗವಲ್ದು. ಬ್ಯಾರೆ ಬಟ್ಟೀನೂ ಇಲ್ಲ."

ಅವನೇ ಬಿಚ್ಚಿದ. ಐದು ಮಕ್ಕಳ ತಂದೆ, ಒಂದರ ಕುಂಡಿಯನ್ನೂ ತೊಳೆದವನಲ್ಲ. ಗಂಟಿನೊಳಗೆ ಕುಡಿಯಲು ಇಟ್ಟುಕೊಂಡಿದ್ದ ಸೋರೆಬುರುಡೆಯ ನೀರನ್ನು ಸುರಿದು, ಹೆಗಲ ಮೇಲಿನ ವಸ್ತ್ರದಿಂದ ಒರೆಸಿದ. ನೋಯದಂತೆ ಒರೆಸುವುದು ಹೇಗೆಂದು ಗೊತ್ತಿರಲಿಲ್ಲ. ಕೂಸಿನ ಮುಖ ನೋಡಿ ನೋಡಿ ಕಲಿತ. ಗಂಟಿನ ತಳದಿಂದ ಆ ಬಿಳಿ ಬಟ್ಟೆಯನ್ನು ತೆಗೆದ. ಹರಿದರೆ ಸದ್ದಾದೀತೆಂದು ಮಡಿಸಿ ಮಡಿಸಿ ಸಣ್ಣದು ಮಾಡಿ ಕೂಸಿನ ಸೊಂಟಕ್ಕೆ ಕಟ್ಟಿದ. ಸಡಿಲವಾಯಿತು. ಬಿಚ್ಚಿ ಮತ್ತೆ ಕಟ್ಟಿದ. ಕೂಸು ಅವನ ಬೆರಳು ಹಿಡಿದು ಬಿಕ್ಕುತ್ತ ಬಿಕ್ಕುತ್ತ ಸುಮ್ಮನಾಯಿತು. ತಾಯಿ ಅದನ್ನು ಮೊಲೆಗೆ ಹಚ್ಚಿಕೊಂಡಳು.

ಗವಿಯ ಬಾಯಿಂದ ಹೊರಗೆ ಇಣುಕಿ ಬಂದ ಗಾಡಿಯವನೊಬ್ಬ ವ್ಯಾಪಾರಿಯ ಭುಜ ಮುಟ್ಟಿ, "ಹೋದ್ರು," ಎಂದ.

"ಯಾರು?" ಎಂದ ವ್ಯಾಪಾರಿ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಕೊಟ್ರಯ್ಯ, "ಬುದ್ಧಿ, ಬಟ್ಟೆ ಕಟ್ಟುವುದರೊಳಗೆ ಕೂಸು ಗಟ್ಟಿಯಾಗಿ ಅತ್ತುಬಿಟ್ಟಿದ್ದರೆ ಏನು ಗತಿ?" ಎಂದ.

"ಕೂಸು ನಿನ್ನ ಮಗ್ಗುಲಲ್ಲೇ ಇದೆ ಕೊಟ್ರಯ್ಯ, ನೀನಿನ್ನೂ ಗವಿಯ ಬಾಯಿಯನ್ನೇ ನೋಡುತ್ತ ಕೂತಿದ್ದೀಯ," ಎಂದರು ಗುರುಗಳು.